ಫಾರಂನಲ್ಲಿ ನಾನು ಬರೆದ ಮಾತೃಭಾಷೆ

ವೆಂಕಟರಮಣಸ್ವಾಮಿಗೆ ನಡೆದುಕೊಳ್ಳುವ ಬಂಧುಗಳೇ, ಮೊದಲು ನನ್ನ ತಪ್ಪು ಒಪ್ಪಿಕೊಂಡು ಆಮೇಲೆ ಅವನ ದಯೆ ಹೇಳುತ್ತೇನೆ.

2007ರ ಶ್ರಾವಣದಲ್ಲಿ ನಮ್ಮ ಯಜಮಾನರ ತಲೆಯಲ್ಲಿ, ಎಡಗಡೆ, ಗಡ್ಡೆ ಇದೆಯೆಂದು ಗೊತ್ತಾಯಿತು. ಅವರು ಚಿಂತಾಮಣಿ ಮಂಡಿಯಲ್ಲಿ ಟೊಮ್ಯಾಟೊ ಹರಾಜು ಕೂಗುವವರು. ಬಾಯೇ ಬಂಡವಾಳ. ಗಡ್ಡೆ ತೆಗೆಯದಿದ್ದರೆ ಜೀವಕ್ಕೆ ಅಪಾಯ, ತೆಗೆಯುವಾಗ ಸ್ವಲ್ಪ ಆಚೀಚೆಯಾದರೆ ಮಾತೇ ಹೋಗಬಹುದು ಎಂದರು ಬೆಂಗಳೂರಿನ ಡಾಕ್ಟರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಇವರು ಪಕ್ಕದವರ ಜೊತೆ ಮಾತಾಡುತ್ತಲೇ ಇದ್ದರು. ಈ ಮಾತು ಇನ್ನೆಷ್ಟು ದಿನವೋ ಎಂದುಕೊಂಡು ನಾನು ಕಿಟಕಿ ಕಡೆ ತಿರುಗಿ ಕೂತೆ.

ಒಬ್ಬೊಬ್ಬರ ಮಿದುಳಿನ ಮಡಿಕೆ ಒಂದೊಂದು ಥರವಂತೆ. ಪುಸ್ತಕದ ಚಿತ್ರ ನಂಬಿ ಕೊಯ್ಯುವಂತಿಲ್ಲ. ಅದಕ್ಕೇ ಸ್ಕ್ಯಾನಿಂಗ್ ಮೆಷಿನ್ನಿನಲ್ಲಿ ಮಲಗಿಸಿ, ಚಿತ್ರ ತೋರಿಸಿ, ಅದರ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ ಎನ್ನುತ್ತಾರೆ. ಆಗ ಕೆಲಸ ಮಾಡುವ ಜಾಗವನ್ನು ಅವರದೇ ಮಿದುಳಿನ ಚಿತ್ರದ ಮೇಲೆ ಬಣ್ಣದಲ್ಲಿ ಗುರುತು ಮಾಡುತ್ತಾರೆ. ಫಾರಂ ತುಂಬಿದವಳು ನಾನು. ಮಾತೃಭಾಷೆ ಕನ್ನಡ, ಬೇರೆ ಭಾಷೆ ಇಲ್ಲ ಎಂದು ಬರೆದೆ. ಅವರ ಮನೆಮಾತು ತೆಲುಗು. ನಾನೋ ಸ್ಕೂಲಿನಲ್ಲಿ ಕನ್ನಡ ಮೇಡಂ. ಮದುವೆಯಾದಾಗಿನಿಂದ ಮನೆಯಲ್ಲಿ ತೆಲುಗು ಆಡಲು ಬಿಟ್ಟವಳಲ್ಲ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಬರೆಯಲು ನಾಚಿಕೆಯಾಯಿತು. ಎಂಥ ಬುದ್ಧಿ ನನ್ನದು!

ಫಾರಂ ನೋಡಿ ಕನ್ನಡದಲ್ಲೇ ಹೆಸರು ಹೇಳಿಕೊಳ್ಳಲು ಹೇಳಿದರು. ಬಣ್ಣ ಗಡ್ಡೆಯಿಂದ ದೂರವೇ ಬಂತು. ಹಿಂದುಗಡೆಯಿಂದ ಹೋಗಿ ತೆಗೆಯಬಹುದು ಎಂದರು. ಆದರೂ ನನಗೆ ಸಮಾಧಾನವಿಲ್ಲ. ಆಪರೇಷನ್ನಿಗೆ ಇನ್ನೂ ಎರಡು ದಿನವಿತ್ತು. ಆವತ್ತು ಶನಿವಾರ, ಸ್ವಾಮಿಯ ವಾರ. ವಾರ್ಡಿನಲ್ಲಿ ಸ್ವಾಮಿಯ ಫೋಟೊ ಇಟ್ಟು, ನಾನು ಕಲಿಸಿದ ಕನ್ನಡ ಸ್ತೋತ್ರ ಹೇಳಿ ಎಂದು ಇವರನ್ನು ಗದರಿದೆ.

ಕಣ್ಣು ಮುಚ್ಚಿಕೊಂಡೇ ಹೇಳಿದರು: “ನಿನ್ ಪದ್ಯ ನಾಲಿಗೆಗೆ ಬರುತ್ತೆ ಕಣೇ, ಮನಸ್ಸಿಗೆ ಬರಲ್ಲ. ಸ್ವಾಮಿ ಹತ್ರ ನಾನು ನಮ್ಮಮ್ಮನ ಮಾತಲ್ಲೇ ಮಾತಾಡೋದು.”

ಮನಸ್ಸಿನೊಳಗಿನ ಮಾತು ತೆಲುಗಾದರೆ ಪರೀಕ್ಷೆ ಮಾಡಿದ್ದು ಬರೀ ಕನ್ನಡದ್ದು ಎಂದು ಆಗ ಹೊಳೆಯಿತು. ಡಾಕ್ಟರ ಹತ್ತಿರ ಓಡಿ, ಸುಳ್ಳು ಬರೆದೆನೆಂದು ಹೇಳಿ ಅತ್ತುಬಿಟ್ಟೆ. ಅವರು ಬೈಯಲಿಲ್ಲ. ಈ ಸಲ ತೆಲುಗಿನಲ್ಲಿ ಹೆಸರು ಹೇಳಿಕೊಳ್ಳಲು ಹೇಳಿ ಮತ್ತೆ ಪರೀಕ್ಷೆ ಮಾಡಿಸಿದರು. ಹೊಸದೊಂದು ಜಾಗಕ್ಕೆ ಬಣ್ಣ ಬಂದಿತ್ತು, ಅವರು ಕೊಯ್ಯಬೇಕೆಂದಿದ್ದ ದಾರಿಯಲ್ಲೇ. ದಾರಿ ಬದಲಾಯಿಸಿದರು. ಆ ಹೊತ್ತಿನಲ್ಲಿ ಇವರ ಬಾಯಲ್ಲಿ ಆ ಮಾತು ಆಡಿಸಿದವನು ಸ್ವಾಮಿಯಲ್ಲದೆ ಇನ್ಯಾರು? ಯಾರು ಏನೆಂದರೂ ನಾನು ಹೀಗೇ ನಂಬಿದ್ದೇನೆ.

ಆಪರೇಷನ್ ಆಗಿ ಎರಡು ದಿನ ಇವರು ಬಾಯಿ ತೆರೆಯಲಿಲ್ಲ. ನನ್ನ ಜಂಬಕ್ಕೆ ಇವರು ಮೂಕರಾದರೆಂದು ಮಂಚದ ಪಕ್ಕ ಕೂತು ಕೊರಗಿದೆ. ಮೂರನೇ ದಿನ ಬೆಳಗ್ಗೆ ನನ್ನ ಮುಖ ನೋಡಿ, “ತಿನ್ನಾವಾ?” ಎಂದರು. ಊಟ ಆಯ್ತಾ ಎಂದು ಕೇಳಿದ್ದು. ಅಲ್ಲಿಯವರೆಗೆ ಒಂದು ದಿನವೂ ಅವರಿಗೆ ತೆಲುಗಿನಲ್ಲಿ ಉತ್ತರ ಕೊಟ್ಟವಳಲ್ಲ ನಾನು.

“ತಿಂಟಾನು, ಇಪ್ಪುಡೇ ತಿಂಟಾನು,” ಈಗಲೇ ತಿನ್ನುತ್ತೇನೆ ಎಂದು ಅವರಮ್ಮನ ಮಾತಲ್ಲೇ ಹೇಳಿದೆ, ಸ್ವಾಮಿಗೆ ಕೈ ಮುಗಿದುಕೊಂಡೇ.