ಎಂಟೂಕಾಲಿನ ಬಸ್ಸಿನ ಕಿಟಕಿ ಸೀಟು

ನಮ್ಮ ಎಂಟೂಕಾಲಿನ ಬಸ್ಸಿನಲ್ಲಿ ಎಡಬದಿಯ ಒಂದು ಕಿಟಕಿ ಸೀಟು ಸಾಹೇಬರದ್ದು. ಹಾಗೆಂದು ಎಲ್ಲೂ ಬರೆದಿಲ್ಲ. ಗುರುವಾಯನಕೆರೆಯಲ್ಲಿ ಹತ್ತುವ ನಮ್ಮಲ್ಲಿ ಯಾರಾದರೊಬ್ಬರು ಅದರಲ್ಲಿ ಕಾವಲು ಕೂತು, ವೇಣೂರಿನಲ್ಲಿ ಅವರು ಹತ್ತಿದ ಕೂಡಲೇ ಎದ್ದುಬಿಡುವುದು ರೂಢಿ. ಹೆಚ್ಚಾಗಿ ಆ ಕಾವಲು ನನ್ನದೇ. ಮೂಡುಬಿದಿರೆಯ ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸ. ದಿನವಿಡೀ ನಿಂತೇ ಇರಬೇಕಾದ್ದರಿಂದ ವೇಣೂರಿನವರೆಗಾದರೂ ಕೂರುವುದು ನನಗೂ ಹಿತವೇ.

ಸಾಹೇಬರು ವೇಣೂರು ಪೇಟೆಯಲ್ಲಿ ಕೊಡೆ, ಚಪ್ಪಲಿಗಳ ಅಂಗಡಿ ಇಟ್ಟಿದ್ದವರು. ಈಗ ಅಂಗಡಿ ಮಗನ ಕೈಯಲ್ಲಿದೆ, ಅವರದ್ದು ವಾರಕ್ಕೆ ಮೂರು ಸಲ ಮೂಡುಬಿದಿರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಬದುಕು. ಸೂಜಿ ಚುಚ್ಚಲೆಂದೇ ಆಪರೇಷನ್ ಮಾಡಿ ಅವರ ಎಡಗೈಯ ರಕ್ತನಾಳಗಳನ್ನು ಜೋಡಿಸಿದ್ದಾರೆ. ಆ ಕೈಗೆ ಪೆಟ್ಟಾಗಬಾರದು, ಒತ್ತಡ ಬೀಳಬಾರದು. ಎಡಗಡೆಯ ಕಿಟಕಿಯ ಪಕ್ಕ ಕೂತರೆ ಆ ಕೈಯನ್ನು ಯಾರೂ ಉಜ್ಜಿಕೊಂಡು ಹೋಗುವುದಿಲ್ಲ. ಹತ್ತುತ್ತಲೇ ಅವರದ್ದು ಒಂದೇ ಪ್ರಶ್ನೆ: “ನನ್ನ ಸೀಟನ್ನು ಬಾಡಿಗೆಗೆ ಕೊಟ್ಟಿಲ್ಲ ಅಲ್ವಾ ಮಾರಾಯ್ತಿ?”

ಕೂತ ಮೇಲೆ ನಿಂತವರ ಚೀಲಗಳನ್ನೆಲ್ಲ ಕೇಳಿ ಕೇಳಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ನಮ್ಮ ಕಡೆಯ ಬಸ್ಸುಗಳಲ್ಲಿ ಕೂತವರ ಕರ್ತವ್ಯ ಅದು. ಕಾಯಿಲೆ ಇದೆಯೆಂದು ಅವರು ಅದರಿಂದ ತಪ್ಪಿಸಿಕೊಂಡವರಲ್ಲ.

ಆ ವರ್ಷ ದೇಶದ ಕಾಲೇಜು ಮಕ್ಕಳ ದೊಡ್ಡ ಕ್ರೀಡಾಕೂಟ ಮೂಡುಬಿದಿರೆಗೆ ಬಂತು. ಊರಿನ ಹಾಸ್ಟೆಲುಗಳು ತುಂಬಿ, ಪಕ್ಕದ ಮಿಜಾರೂ ತುಂಬಿ, ಉಳಿದ ಮಕ್ಕಳನ್ನು ಗುರುವಾಯನಕೆರೆಯ ಕಲ್ಯಾಣ ಮಂಟಪದವರೆಗೂ ತಂದು ಇಳಿಸಿದರು. ಮೊದಲ ದಿನ ಅವರಿಗೆಂದು ಗೊತ್ತು ಮಾಡಿದ ಬಸ್ಸು ಬರಲಿಲ್ಲ. ಎಲ್ಲರೂ ನಮ್ಮ ಬಸ್ಸಿಗೇ ನುಗ್ಗಿದರು. ಒಬ್ಬೊಬ್ಬರ ಬೆನ್ನಿಗೂ ಅಕ್ಕಿ ಮುಡಿಯ ಗಾತ್ರದ ಚೀಲ. ಕಂಡಕ್ಟರ್ “ದುಂಬು ಪೋಲೆ, ದುಂಬು ಪೋಲೆ” ಎಂದು ತುಳುವಿನಲ್ಲಿ ಬೊಬ್ಬೆ ಹಾಕಿದ. ಮುಂದೆ ಹೋಗಿ ಎನ್ನುತ್ತಿದ್ದಾನೆಂದು ಆ ಮಕ್ಕಳಿಗೆ ಹೇಗೆ ತಿಳಿಯಬೇಕು? ಸೀಟನ್ನು ನಾನು ಹಲ್ಲು ಕಚ್ಚಿ ಉಳಿಸಿದೆ. ಆದರೆ ವೇಣೂರಿನಲ್ಲಿ ಬಾಗಿಲಿನಿಂದ ಸೀಟಿನವರೆಗಿನ ನಾಲ್ಕು ಹೆಜ್ಜೆಯಲ್ಲೇ ಯಾರದೋ ಚೀಲದ ಕಬ್ಬಿಣದ ಕೊಂಡಿ ಸಾಹೇಬರ ಎಡಗೈಗೆ ತಾಗಿತು. ಕೈ ಊದಿಕೊಂಡಿತು. ಆ ಕೈ ಕೆಟ್ಟರೆ ಮತ್ತೆ ಆಪರೇಷನ್ ಎಂದು ಆಸ್ಪತ್ರೆಯ ನರ್ಸ್ ಬೈದರಂತೆ.

ಮರುದಿನ ಬಸ್ಸಿನಲ್ಲಿ ನಾವು ಖಾಯಂ ಗಿರಾಕಿಗಳು ಸೇರಿ ಒಂದು ಉಪಾಯ ಹೂಡಿದೆವು. ಅದು ಸಾಹೇಬರ ಡಯಾಲಿಸಿಸ್ ದಿನವಲ್ಲ, ಅವರಿರಲಿಲ್ಲ. ಹೈಸ್ಕೂಲಿನ ಮಾಸ್ಟ್ರು ಹೇಳಿದರು, “ನಾವೆಲ್ಲ ಕೂಟ ಮುಗಿಯುವವರೆಗೆ ಮುಂಚಿನ ಬಸ್ಸಿಗೆ ಹೋಗುವ. ಇದರಲ್ಲಿ ಅಷ್ಟು ಜಾಗ ಆಗ್ತದೆ, ಸಾಹೇಬರು ಆರಾಮ ಬರ್ತಾರೆ.” ಮುಂಚಿನ ಬಸ್ಸೆಂದರೆ ಏಳಕ್ಕೆ. ಬೇಗ ಎದ್ದು ಅಡುಗೆ ಮುಗಿಸುವ ಕಷ್ಟ ಮಾಸ್ಟ್ರಿಗೇನು ಗೊತ್ತು ಎಂದು ಒಳಗೊಳಗೇ ಉರಿದುಕೊಂಡೆ. ಆದರೂ ಹೂಂ ಎಂದೆ. ಸಾಹೇಬರಿಗೆ ಹೇಳಿದರೆ ಒಪ್ಪುವವರಲ್ಲ, ಹೇಳುವುದೇ ಬೇಡ ಎಂದಾಯಿತು. ಬಸ್ಸಿನವರಿಗೂ ಯಾರೂ ಹೇಳಲಿಲ್ಲ. ನಾವು ಹಾಗೇ. ಜಗಳವಾದರೆ ಏಳು ಊರಿಗೆ ಕೇಳಿಸುತ್ತೇವೆ, ಉಪಕಾರವಾದರೆ ಬಾಯಿ ಬಿಡುವುದಿಲ್ಲ.

ಆಟದ ಮಕ್ಕಳಿಗೆ ಅಷ್ಟರಲ್ಲಿ ಬೇರೆ ಬಸ್ಸುಗಳು ಬಂದಿದ್ದವು. ನಾವು ಏಳರ ಬಸ್ಸಿನಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಹೋಗುತ್ತಿದ್ದಾಗ ಎಂಟೂಕಾಲಿನದ್ದು ಬರೇ ಗಾಳಿ ತುಂಬಿಕೊಂಡು ಓಡಿತು. ಸಾಹೇಬರು ಅದರಲ್ಲಿ ಒಂದು ಸಲ ರಾಜರ ಹಾಗೆ ಹೋದರು.

ಅವರ ಮುಂದಿನ ಸರದಿಯ ದಿನ ನಾನು ಅಂಗಡಿಯ ಗಾಜು ಒರೆಸುತ್ತಿದ್ದೆ. ಸಾಹೇಬರ ಫೋನು. “ಬಸ್ಸು ಬರಲೇ ಇಲ್ಲ ಮಾರಾಯ್ತಿ. ನೀವೆಲ್ಲ ಎಲ್ಲಿದ್ದೀರಿ?”

ಮೂಡುಬಿದಿರೆಯಲ್ಲಿದ್ದೇವೆ ಎಂದು ಯಾವ ಬಾಯಲ್ಲಿ ಹೇಳುವುದು? ಹೊತ್ತು ಮೀರಿದರೆ ಆಸ್ಪತ್ರೆಯ ಯಂತ್ರ ಮುಂದಿನವರಿಗೆ ಹೋಗುತ್ತದೆ. ಒಂದು ಸರದಿ ತಪ್ಪಿದರೂ ಮೈಯಲ್ಲಿ ನೀರು ತುಂಬಿ ಅವರಿಗೆ ಉಸಿರಾಡಲು ಕಷ್ಟ. ಮಗ ಸಾಮಾನು ತರಲು ಮಂಗಳೂರಿಗೆ ಹೋಗಿದ್ದ. ವೇಣೂರಿನ ರಿಕ್ಷಾಗಳೆಲ್ಲ ಆಟ ನೋಡುವವರನ್ನು ಹೊತ್ತು ಹೋಗಿದ್ದವು. ಕೂಡಲೇ ಕಂಡಕ್ಟರಿಗೆ ಫೋನು ಮಾಡಿದೆ.

“ಟ್ರಿಪ್ ಕಟ್ ಅಕ್ಕ,” ಎಂದ ಅವನು. “ಜನ ಎಲ್ಲುಂಟು? ನೀವ್ಯಾರೂ ಬರುವುದಿಲ್ಲ. ಖಾಲಿ ಓಡಿಸುವುದು ಯಾಕೆ ಅಂತ ಮಾಲಕರು ಇವತ್ತು ಬಸ್ಸನ್ನು ಕೂಟಕ್ಕೆ ಕೊಟ್ಟಿದ್ದಾರೆ. ಈಗಷ್ಟೇ ಕಲ್ಯಾಣ ಮಂಟಪದಿಂದ ಮಕ್ಕಳನ್ನು ಹತ್ತಿಸಿ ಹೊರಟದ್ದು.”

“ವೇಣೂರಿನಲ್ಲಿ ಸಾಹೇಬರು ನಿಂತಿದ್ದಾರೆ, ಹತ್ತಿಸಿಕೊಳ್ಳಿ.”

“ಕಾಂಟ್ರಾಕ್ಟ್ ಗಾಡಿ ಅಕ್ಕ. ಬೇರೆಯವರನ್ನು ಹತ್ತಿಸುವ ಹಾಗಿಲ್ಲ. ಮಕ್ಕಳ ಮ್ಯಾನೇಜರ್ ಇಲ್ಲೇ ಕೂತಿದ್ದಾರೆ.”

ನನಗೆ ಸಿಟ್ಟು ನೆತ್ತಿಗೇರಿತು. “ಅವರ ಹತ್ತಿರ ಫೋನು ಕೊಡು” ಎಂದೆ. ನನ್ನ ಹಿಂದಿ ಅಷ್ಟಕ್ಕಷ್ಟೆ. ಅಸ್ಪತಾಲ್, ಬೂಢಾ ಆದ್ಮಿ ಎಂದು ಎರಡೆರಡು ಸಲ ಹೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಲೈನ್ ಸಿಗಲಿಲ್ಲ.

ನಮ್ಮ ಅಂಗಡಿಯ ಮಾಲಕಿಯ ಹತ್ತಿರ ಹೇಳಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಎಷ್ಟೋ ಬಸ್ಸುಗಳು ಬಂದು ಹೋದವು. ಕೊನೆಗೆ ನಮ್ಮದು ಬಂತು, ಮುಂದಿನ ಗಾಜಿನ ಮೇಲೆ ‘ಕ್ರೀಡಾಪಟುಗಳಿಗೆ ಮಾತ್ರ’ ಎಂಬ ದೊಡ್ಡ ಕಾಗದ ಅಂಟಿಸಿಕೊಂಡು. ಅದರಿಂದ ಮೊದಲು ಇಳಿದವರು ಟೊಪ್ಪಿ, ಬಿಳಿ ಅಂಗಿಯ ಸಾಹೇಬರು. ಅಳು ಬಂತು, ಮುಖ ಆಚೆ ತಿರುಗಿಸಿದೆ.

“ಓಟಕ್ಕೆ ಹೆಸರು ಕೊಟ್ಟಿದ್ದೇನೆ,” ಎಂದರು.

ಮ್ಯಾನೇಜರ್ ಒಪ್ಪಿದರೋ ಇಲ್ಲವೋ ತಿಳಿಯುವ ಮೊದಲೇ, ವೇಣೂರು ಬಂತೆಂದು ಡ್ರೈವರನ ಕಾಲು ಅಭ್ಯಾಸಬಲದಿಂದ ಬ್ರೇಕು ಒತ್ತಿತ್ತಂತೆ. ಕಿಟಕಿ ಸೀಟಿನಲ್ಲಿದ್ದ ಉದ್ದ ಕಾಲಿನ ಹುಡುಗಿಯೊಬ್ಬಳು ಇವರ ಕೈಯ ಬ್ಯಾಂಡೇಜು ನೋಡಿ ತಾನಾಗಿಯೇ ಎದ್ದಳಂತೆ. ಇದನ್ನೆಲ್ಲ ಹೇಳುತ್ತಾ ಆಸ್ಪತ್ರೆಯ ಕಡೆಗೆ ಬಿರಬಿರನೆ ನಡೆದರು. ನಾನು ಪಕ್ಕದಲ್ಲಿ ನಡೆಯುತ್ತಾ ನಮ್ಮ ಉಪಾಯದ ವಿಷಯ ಹೇಳಿದೆ. ಅವರು ನಿಂತುಬಿಟ್ಟರು.

“ಬಸ್ಸು ಖಾಲಿ ಮಾಡಿ ಅಂತ ನಾನು ಕೇಳಿದ್ದೆನಾ? ನಿಮಗೆಲ್ಲ ತಲೆ ಸರಿ ಉಂಟಾ? ನೀವು ಇದ್ದರೆ ಬಸ್ಸು ಉಂಟು, ಬಸ್ಸು ಇದ್ದರೆ ನಾನಿದ್ದೇನೆ.”

ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಆಸ್ಪತ್ರೆಯವರು ಸ್ವಲ್ಪ ಗೊಣಗಿ ಒಳಗೆ ಕರೆದುಕೊಂಡರು.

ಸಂಜೆ ನಾವೆಲ್ಲ ಸೇರಿ ಬಸ್ಸಿನ ಮಾಲಕರ ಮನೆಗೆ ಹೋದೆವು. ನಾಳೆಯಿಂದ ಎಲ್ಲರೂ ಎಂಟೂಕಾಲಿಗೇ, ಯಾವತ್ತೂ ತಪ್ಪುವುದಿಲ್ಲ ಎಂದು ಮಾತು ಕೊಟ್ಟೆವು. ಮಾಲಕರು “ಮೊದಲೇ ಹೇಳುವುದಲ್ವಾ?” ಎಂದರು, ಮರುದಿನದಿಂದ ಬಸ್ಸನ್ನು ಮತ್ತೆ ಓಡಿಸಿದರು.

ಸಾಹೇಬರು ಮತ್ತೆ ಬರುವ ದಿನ ಕೂಟದ ಕೊನೆಯ ದಿನವೂ ಆಗಿತ್ತು. ಬೆಳ್ತಂಗಡಿಯಿಂದಲೇ ಆಟ ನೋಡುವವರು ಹತ್ತಿದ್ದರು. ವೇಣೂರಿನಲ್ಲಿ ಮಾಸ್ಟ್ರು ಮೊದಲೇ ಕೆಳಗಿಳಿದು ಸಾಹೇಬರ ಎಡಬದಿಗೆ ನಿಂತು ಹತ್ತಿಸಿದರು. ಒಳಗಿದ್ದ ನಾವು ಜನರ ಕಡೆಗೆ ಬೆನ್ನು ಕೊಟ್ಟು ಸೀಟಿನವರೆಗೆ ದಾರಿ ಬಿಡಿಸಿದೆವು. ನಾನು ಎದ್ದೆ, ಅವರು ಕೂತರು.

“ಚೀಲ ಕೊಡಿ,” ಎಂದರು. ನಾನು ಅನುಮಾನಿಸಿದೆ.

“ಬಲಗೈ ಉಂಟಲ್ಲ ಮಾರಾಯ್ತಿ, ಕೊಡಿ.”

ನನ್ನ ಬುತ್ತಿ ಚೀಲ, ಮಾಸ್ಟ್ರ ಕೊಡೆ, ಯಾರದೋ ಸೇವಂತಿಗೆ ಹೂವಿನ ಪೊಟ್ಟಣ ಎಲ್ಲ ಅವರ ಮಡಿಲು ಸೇರಿತು. ಕಂಡಕ್ಟರ್ “ರೈಟ್ ಪೋಯಿ” ಎಂದ, ಬಸ್ಸು ಹೊರಟಿತು. ಮೂಡುಬಿದಿರೆಯವರೆಗೆ ಒಂಟಿ ಕಾಲಿನಲ್ಲಿ ನಿಂತು ಹೋದೆ. ಬಸ್ಸು ತುಂಬಿತ್ತು.