ದೋಣಿ ತಡವಾದ ದಿನದ ಪಾಠ

ಮೊಬೈಲನ್ನು ಉಪ್ಪಿನ ಭರಣಿಗೆ ಒರಗಿಸಿಟ್ಟು ಗಣಿತ ಕಲಿಯುತ್ತಿದ್ದೇನೆ. ವಿಡಿಯೋದ ಮೇಷ್ಟ್ರು ಸಮೀಕರಣ ಬಿಡಿಸಿ, "ಅರ್ಥವಾಯಿತಲ್ಲ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಲೆಕ್ಕಕ್ಕೆ ಹೋಗಿಬಿಟ್ಟರು. ನನಗೆ ಅರ್ಥವಾಗಿರಲಿಲ್ಲ.

ನಿಮಗೆ ನಗು ಬರಬಹುದು. ಮೂವತ್ತು ದಾಟಿದವಳು ಹತ್ತನೇ ತರಗತಿಯ ಗಣಿತಕ್ಕೆ ಕೂತಿದ್ದಾಳೆ ಎಂದರೆ ನನಗೂ ಬರುತ್ತದೆ. ಆದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬೇಕಾದರೆ ಇದೊಂದು ವಿಷಯ ಪಾಸಾಗಲೇಬೇಕು. ಈ ಸಲ ನಾನು ಬಿಡುವವಳಲ್ಲ.

ನಮ್ಮ ಶಾಲೆ ಇದ್ದದ್ದು ಹಟ್ಟಿಯಂಗಡಿ ಕಡೆ, ಹೊಳೆಯ ದಂಡೆಯಲ್ಲಿ. ಹೊಳೆ ನಡುವಿನ ಕುದ್ರುವಿನ ಮಕ್ಕಳು ದೋಣಿಯಲ್ಲೇ ಬರಬೇಕು. ಮಳೆಗಾಲದಲ್ಲಿ ನೀರು ಏರಿತೆಂದರೆ ದೋಣಿ ತಡ. ಗಣಿತದ ಮೇಷ್ಟ್ರು ಅವರಿಗಾಗಿ ಕಾಯುತ್ತಿರಲಿಲ್ಲ, ಅವರನ್ನು ಬಿಟ್ಟು ಮುಂದೆ ಹೋಗುತ್ತಲೂ ಇರಲಿಲ್ಲ. ಬಾಗಿಲಲ್ಲಿ ಒದ್ದೆ ಕೊಡೆಗಳು ಕಂಡದ್ದೇ ಬೋರ್ಡು ಒರೆಸುತ್ತಿದ್ದರು.

"ಹ್ವಾಯ್, ದೋಣಿ ಬಂತ್. ಮೊದ್ಲಿಂದ ಸುರು ಮಾಡ್ವ."

ಎರಡನೇ ಸಲ ಹೇಳುವಾಗ ಪಾಠವೇ ಬೇರೆ. "ದೋಣಿ ಈ ಬದಿಯಿಂದ ಒಂದ್ ಮೂಟೆ ತೆಗ್ದ್ರೆ ಆ ಬದಿಯಿಂದ್ಲೂ ಒಂದ್ ತೆಗೀಕ್. ಇಲ್ದಿರೆ ಎಂತ ಆತ್ತ್?"

"ಮಗ್ಚತ್ತ್ ಸರ್," ಎನ್ನುತ್ತಿದ್ದರು ಕುದ್ರುವಿನವರು.

ಹೊತ್ತಿಗೆ ಸರಿಯಾಗಿ ಬಂದು, ಏನೂ ತಿಳಿಯದೆ ಕೂತಿದ್ದ ನನಗೆ ಆಗ ತಿಳಿಯುತ್ತಿತ್ತು. ಬಿಸಿಲಿನ ದಿನ ದೋಣಿ ಬೇಗ ಬಂದರೆ ನನಗೇ ಬೇಸರ. ವರ್ಷದ ನಡುವೆ ಮೇಷ್ಟ್ರಿಗೆ ವರ್ಗವಾಯಿತು, ಬದಲಿಗೆ ಯಾರೂ ಬರಲಿಲ್ಲ. ನನ್ನ ಗಣಿತ ಅಲ್ಲೇ ನಿಂತಿತು.

ವಿಡಿಯೋದವರ ಮೇಲೆ ನನಗೆ ದೂರಿಲ್ಲ. ಅವರಿಗೆ ವರ್ಗವಾಗುವುದಿಲ್ಲ. ಸಾರು ಉಕ್ಕಿತೆಂದು ನಡುವೆ ನಿಲ್ಲಿಸಿ ಎದ್ದರೆ ಸಿಟ್ಟಾಗುವುದಿಲ್ಲ. ಎಷ್ಟು ಸಲ ಹಿಂದಕ್ಕೆ ತಂದರೂ ಹೇಳುತ್ತಾರೆ, ಅದೇ ಮಾತು, ಅದೇ ನಗು. ತಿಳಿಯದ ಮಾತನ್ನು ಮತ್ತೆ ಮತ್ತೆ ಕೇಳಿದರೆ ಬಾಯಿಪಾಠವಾಗುತ್ತದೆ, ಅಷ್ಟೇ.

ಅಷ್ಟರಲ್ಲಿ ನನ್ನ ಓರಗಿತ್ತಿ ಸುಮತಿ ಬಂದಳು. ಅವಳೂ ನನ್ನ ಜೊತೆ ಪರೀಕ್ಷೆ ಕಟ್ಟಿದ್ದಾಳೆ.

"ಸುರು ಆಯ್ತಾ ಅಕ್ಕ? ಮೀನ್ ಕೊಯ್ದ್ ಬಪ್ಪತಿಗೆ ತಡ ಆಯ್ತ್."

ವಿಡಿಯೋ ಹಿಂದಕ್ಕೆ ತರಲು ಕೈ ಚಾಚಿದವಳು ಮೊಬೈಲನ್ನೇ ಕವುಚಿ ಹಾಕಿದೆ. "ಕೂಕೊ. ಮೊದ್ಲಿಂದ ಮಾಡ್ವ."

ಮಗಳ ಹಳೆಯ ಸ್ಲೇಟಿನ ಮೇಲೆ ಎರಡು ಬುಟ್ಟಿ ಬರೆದೆ. ಎರಡರಲ್ಲೂ ಒಂದೇ ತೂಕದ ಬೂತಾಯಿ ಮೀನು ಎಂದೆ. ಈ ಬುಟ್ಟಿಯಿಂದ ತೆಗೆದಷ್ಟನ್ನು ಆ ಬುಟ್ಟಿಯಿಂದಲೂ ತೆಗೆಯುತ್ತಾ ಹೋದಂತೆ, ಬೆಳಗಿನಿಂದ ಕೈಗೆ ಸಿಗದಿದ್ದ ಹಂತ ನನ್ನ ಬಾಯಿಂದಲೇ ಬಂತು. ಎಷ್ಟು ಖುಷಿಯಾಯಿತೆಂದರೆ ಒಂದು ಕ್ಷಣ ಸುಮತಿ ಇದ್ದದ್ದೇ ಮರೆತುಹೋಯಿತು.

"ಗೊತ್ತಾಯ್ತಾ?" ಎಂದು ಕೇಳಿ, ಅವಳ ಮುಖ ನೋಡುತ್ತಾ ಕಾದೆ.

"ಇಲ್ಲೆ ಅಕ್ಕ."

ನಾನು ಸ್ಲೇಟು ಒರೆಸಿದೆ.