ತೆಂಗಿನ ಗರಿಯಡಿಯ ಒಂಬತ್ತು ಮನೆ

ರಂಗಪ್ಪನವರು ಅಂದು ನನಗೆ ಏನು ಹೇಳಿದರು ಎಂಬುದು ಖಚಿತವಾಗಿ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡಿದ್ದೆ, ನಾಲ್ಕು ಜನರ ಮುಂದೆ ಹಾಗೆ ಹೇಳಿಯೂ ಬಿಟ್ಟಿದ್ದೆ.

ಕೆಲವು ವರ್ಷಗಳ ಹಿಂದೆ ನಾನು ಅರಸೀಕೆರೆಯಲ್ಲಿ ಜಿಐಎಸ್ ತಜ್ಞನಾಗಿದ್ದೆ. ಜಿಐಎಸ್ ಎಂದರೆ ಮನೆ, ರಸ್ತೆ, ಕೊಳವೆಗಳ ವಿವರವನ್ನು ನಕ್ಷೆಯ ಮೇಲೆ ಕೂರಿಸುವ ಕಂಪ್ಯೂಟರ್ ವ್ಯವಸ್ಥೆ. ಕುಡಿಯುವ ನೀರಿನ ಹೊಸ ಕೊಳವೆ ಎಲ್ಲೆಲ್ಲಿ ಹಾಯಬೇಕೆಂದು ನಮ್ಮ ನಕ್ಷೆ ನೋಡಿಯೇ ತೀರ್ಮಾನಿಸುತ್ತಿದ್ದರು. ಉಪಗ್ರಹ ಚಿತ್ರದಲ್ಲಿ ಮನೆಗಳನ್ನು ಗುರುತಿಸಿ, ಅನುಮಾನ ಬಂದ ಕಡೆ ನಡೆದುಹೋಗಿ ನೋಡುವುದು ಕ್ರಮ. ಆದರೆ ಇದು ತೆಂಗಿನ ಸೀಮೆ. ಮೇಲಿನಿಂದ ಗರಿಗಳಷ್ಟೇ ಕಾಣುತ್ತವೆ. ಕೆಳಗೆ ಸೂರಿದೆಯೋ, ಬರೀ ಪಾತಿಯಿದೆಯೋ ತಿಳಿಯದು.

ಗಂಡಸಿ ಕಡೆಯ ರಸ್ತೆಯಲ್ಲಿ ಅಂಥದೊಂದು ತೋಟವಿತ್ತು. ದಾರಿ ತೋರಿಸಲು ನನ್ನ ಜೊತೆ ಬಂದವರು ರಂಗಪ್ಪ, ಗುತ್ತಿಗೆಯ ಮೇಲೆ ಬೀದಿಗಳಿಗೆ ನೀರು ಬಿಡುವ ವಾಲ್ವ್‌ಮನ್. ವಾಪಸ್ ಬಂದು ನಾನು ಅದನ್ನು ‘ತೋಟ’ ಎಂದೇ ನಮೂದಿಸಿದೆ. ‘ಸ್ಥಳ ಪರಿಶೀಲಿಸಿದೆ’ ಎಂಬಲ್ಲಿ ಗುರುತೂ ಹಾಕಿದೆ.

ನಕ್ಷೆಯನ್ನು ಜನರಿಗೆ ತೋರಿಸಿದ ದಿನ ಜಯಮ್ಮ ಎಂಬುವರು ಬಂದರು. ಆ ತೋಟದೊಳಗೆ ಒಂಬತ್ತು ಮನೆಗಳಿದ್ದವು, ಒಂದು ಅವರದು.

“ಓಟಿನ ಪಟ್ಟಿಲಿ ಮನುಷ್ಯರು, ನಿಮ್ಮ ನಕ್ಷೆಲಿ ತೆಂಗಿನ ಮರ. ಚೆನ್ನಾಗೈತೆ ಕಣಪ್ಪ,” ಎಂದರು.

ಸುತ್ತಲಿದ್ದವರು ನಕ್ಕರು. ನೀರಿನ ಯೋಜನೆಯ ಇಂಜಿನಿಯರ್ ನಗಲಿಲ್ಲ. ಯಾರ ತಪ್ಪು ಎಂದು ಕೇಳಿದರು. ಒಳಗೆ ಮನೆಗಳಿಲ್ಲವೆಂದು ವಾಲ್ವ್‌ಮನ್ ಹೇಳಿದ್ದರು ಎಂದೆ. ಸುಳ್ಳಾಡುತ್ತಿದ್ದೇನೆಂದು ಎಳ್ಳಷ್ಟೂ ಅನ್ನಿಸಲಿಲ್ಲ. ಅವರ ದನಿ ಕೂಡ ನೆನಪಿತ್ತು.

ಮೂಲೆಯಲ್ಲಿದ್ದ ರಂಗಪ್ಪ ತಲೆಯೆತ್ತಿದರು. “ಒಳಗೆ ಮನೆ ಐತೆ ಅಂದೆ ಸಾರ್. ಬಿಸ್ಲು ಅಂತ ನೀವೇ ಟೀ ಅಂಗಡಿ ತಾವ ನಿಂತ್ರಿ.”

ಓದಿದವನ ಮಾತು ಗೆದ್ದಿತು. ಮನೆಗಳನ್ನು ಅಂದೇ ನಕ್ಷೆಗೆ ಸೇರಿಸಿದೆವು. ಆದರೆ ರಂಗಪ್ಪನವರ ಗುತ್ತಿಗೆ ಮುಂದುವರಿಸುವ ಕಡತವನ್ನು ಇಂಜಿನಿಯರ್ ಪಕ್ಕಕ್ಕಿಟ್ಟರು. ಸಹಿ ಬೀಳದಿದ್ದರೆ ಆ ತಿಂಗಳ ಕೊನೆಗೆ ಅವರ ಕೆಲಸ ಹೋಗುತ್ತಿತ್ತು.

ಅವರು ನನ್ನನ್ನು ಬೈಯಲಿಲ್ಲ. ಹೊರಗೆ ಸಿಕ್ಕಾಗ, “ನಿಮಗೆ ಮರ್ತೋಗಿರ್ಬೇಕು ಬಿಡಿ, ದಿನಾ ಎಷ್ಟು ಬೀದಿ ನೋಡ್ತೀರ,” ಎಂದರು. ಬೈದಿದ್ದರೆ ನಾನು ನನ್ನ ನೆನಪನ್ನೇ ನಂಬಿಕೊಂಡು ಇದ್ದುಬಿಡುತ್ತಿದ್ದೆ.

ನಮ್ಮ ಜಿಪಿಎಸ್ ಸಾಧನ ನಾವು ನಡೆದ ದಾರಿಯನ್ನು ತಾನೇ ದಾಖಲಿಸಿಕೊಳ್ಳುತ್ತದೆ. ಕೈಕೆಳಗಿನವರ ನಡಿಗೆ ಪರೀಕ್ಷಿಸಲು ಅದನ್ನು ತೆರೆಯುತ್ತಿದ್ದೆ. ನನ್ನದನ್ನು ಎಂದೂ ತೆರೆದಿರಲಿಲ್ಲ. ಮರುದಿನ ತೆರೆದೆ. ರೇಖೆ ಟೀ ಅಂಗಡಿಯವರೆಗೆ ಬಂದು, ಅಲ್ಲೇ ಇಪ್ಪತ್ತು ನಿಮಿಷ ಗಂಟುಕಟ್ಟಿಕೊಂಡು, ಹಿಂದಕ್ಕೆ ತಿರುಗಿತ್ತು. ತೋಟದೊಳಗೆ ನಾನು ಕಾಲಿಟ್ಟಿರಲೇ ಇಲ್ಲ. ಅದರ ಪ್ರತಿಯನ್ನು ಇಂಜಿನಿಯರಿಗೆ ಕೊಟ್ಟು, ತಪ್ಪು ನನ್ನದೆಂದು ಬರೆದುಕೊಟ್ಟೆ. ಕಡತಕ್ಕೆ ಸಹಿ ಬಿತ್ತು. ರಂಗಪ್ಪ ಕೆಲಸದಲ್ಲಿ ಉಳಿದರು.

ಅವರು ಆಡಿದ ಮಾತು ಮಾತ್ರ ಯಾವ ಫೈಲಿನಲ್ಲೂ ಇಲ್ಲ. ಇಂದಿಗೂ ನನ್ನ ಕಿವಿಗೆ ‘ಒಳಗೆ ಏನಿಲ್ಲ ಸಾರ್’ ಎಂದೇ ಕೇಳುತ್ತದೆ. ನೋಡದೆ ‘ನೋಡಿದೆ’ ಎಂದು ಬರೆದವನಿಗೆ ಬೇಕಾದ ಸಾಕ್ಷಿಯನ್ನು ನೆನಪು ತಾನಾಗಿ ಹುಡುಕಿಕೊಡುತ್ತದೆ. ಈ ವೃತ್ತಿ ನನಗೆ ಕಲಿಸಿದ್ದು ಅದು.

ಕೊಳವೆ ಹಾಕಿದ ಮೇಲೆ ಅಲ್ಲಿಗೆ ಹೋಗಿ ಅಳೆದೆ. ಟೀ ಅಂಗಡಿಯಿಂದ ಜಯಮ್ಮನವರ ಬಾಗಿಲಿಗೆ ಅರವತ್ತೆರಡು ಹೆಜ್ಜೆ. ಎರಡು ಸಲ ಎಣಿಸಿದ್ದೇನೆ.